ಒಲಿಂಪಿಕ್ ಮಳೆಕಾಡಿನಲ್ಲಿ ಹೊಳೆ ಪಕ್ಕ ಟೆಂಟ್: ಹೋ, ಕ್ವಿನಾಲ್ಟ್, ಕ್ವೀಟ್ಸ್, ಬೋಗಶೀಲ್ – ನಿಮಗೆ ಯಾವುದು ಸರಿ?

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್, ಬೆಲ್ವ್ಯೂ, ರೆಡ್ಮಂಡ್ ಕಡೆ ಇರುವ ಕನ್ನಡದವರಿಗೆ ಚಳಿಗಾಲ ಮುಗಿಯುತ್ತಿದ್ದ ಹಾಗೆ ಒಂದು ಆಸೆ ಹುಟ್ಟುತ್ತದೆ. ಬೇಸಿಗೆಯಲ್ಲಿ ಒಲಿಂಪಿಕ್ ನ್ಯಾಷನಲ್ ಪಾರ್ಕಿನ ಮಳೆಕಾಡಿಗೆ ಹೋಗಬೇಕು, ಹೊಳೆ ಸದ್ದು ಕೇಳುತ್ತಾ ಎರಡು ರಾತ್ರಿ ಟೆಂಟಿನಲ್ಲಿ ಮಲಗಬೇಕು. ಆಮೇಲೆ ಗೊಂದಲ ಶುರು. ಅಲ್ಲಿ ಒಂದೊಂದು ಹೊಳೆಗೆ ಒಂದೊಂದು ಕಣಿವೆ; ಎಲ್ಲರೂ ಹೇಳುವ ಹೆಸರು ಹೋ (Hoh). ಕ್ವಿನಾಲ್ಟ್ ಚೆನ್ನಾಗಿದೆ ಅಂತ ಆಫೀಸಿನಲ್ಲಿ ಯಾರೋ ಹೇಳುತ್ತಾರೆ. ಕ್ವೀಟ್ಸ್ ಅಂದರೆ ನಿಜವಾದ ಕಾಡು ಅಂತ ಇನ್ನೊಬ್ಬರು. ಜೊತೆಗೆ ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಮಗುವಿಗೆ ನಾಲ್ಕು ವರ್ಷ, ಟೆಂಟ್ ಇನ್ನೂ ಕೊಂಡಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕಾಡಿನ ಚೆಂದ ನೋಡಿ ಜಾಗ ಆರಿಸಬೇಡಿ. ಕಾಡು ಎಲ್ಲ ಕಣಿವೆಯಲ್ಲೂ ಹೆಚ್ಚುಕಡಿಮೆ ಒಂದೇ. ಅದೇ ಸಿಟ್ಕಾ ಸ್ಪ್ರೂಸ್, ಅದೇ ಹೆಮ್‌ಲಾಕ್, ಪಾಚಿ ಜೋತುಬಿದ್ದ ಅದೇ ದೊಡ್ಡೆಲೆಯ ಮೇಪಲ್, ಕಾಲಡಿಗೆ ಅದೇ ಜರಿಗಿಡ. ಬಿದ್ದ ಮರದ ದಿಮ್ಮಿಯ ಮೇಲೆ ಸಾಲಾಗಿ ಹೊಸ ಗಿಡಗಳು ಬೇರು ಬಿಟ್ಟಿರುವುದನ್ನೂ ಎಲ್ಲ ಕಡೆ ನೋಡಬಹುದು. ವ್ಯತ್ಯಾಸ ಇರುವುದು ರಸ್ತೆಯಲ್ಲಿ, ನೀರಿನಲ್ಲಿ, ಶೌಚಾಲಯದಲ್ಲಿ, ಹೊಳೆಯ ಸ್ವಭಾವದಲ್ಲಿ. ನಿಮ್ಮ ಗುಂಪಿನಲ್ಲಿ ಕಷ್ಟ ತಾಳದವರು ಯಾರು ಅಂತ ಯೋಚಿಸಿ, ಅವರಿಗೆ ಹೊಂದುವ ಜಾಗ ಹುಡುಕಿ. ಉಳಿದವರು ಹೇಗಿದ್ದರೂ ಖುಷಿಯಾಗಿರುತ್ತಾರೆ.

ಮಳೆಯ ಲೆಕ್ಕ

ಮಲೆನಾಡಿನವರಿಗೆ ಈ ಜಾಗ ಅರ್ಥವಾಗುವುದು ಸುಲಭ. ಅರಬ್ಬೀ ಸಮುದ್ರದ ಮೋಡ ಪಶ್ಚಿಮ ಘಟ್ಟಕ್ಕೆ ಬಡಿದು ಮಳೆ ಸುರಿಸುವ ಹಾಗೇ, ಇಲ್ಲಿ ಪೆಸಿಫಿಕ್ ಸಾಗರದ ಮೋಡ ಒಲಿಂಪಿಕ್ ಬೆಟ್ಟಗಳಿಗೆ ಬಡಿಯುತ್ತದೆ. ಪಡುವಣಕ್ಕೆ ಮುಖ ಮಾಡಿದ ಕಣಿವೆಗಳಿಗೆ ಮಳೆಯೋ ಮಳೆ. ಹೋ ಕಣಿವೆಯಲ್ಲಿ ವರ್ಷಕ್ಕೆ ಸುಮಾರು 140 ಇಂಚು, ಅಂದರೆ 3,500 ಮಿಲಿಮೀಟರ್ ಆಸುಪಾಸು. ಬೆಟ್ಟದ ಆಚೆ ಇರುವ ಸ್ಕ್ವಿಮ್ ಊರಿಗೆ ಬರೀ 16 ಇಂಚು. ನಮ್ಮ ಘಟ್ಟ ದಾಟಿ ಬಯಲುಸೀಮೆಗೆ ಇಳಿದ ಕತೆಯೇ.

ಆಗುಂಬೆಯಲ್ಲಿ ಇದರ ದುಪ್ಪಟ್ಟು ಮಳೆ ಬೀಳುತ್ತದೆ, ನಿಜ. ಆದರೆ ಎರಡು ವ್ಯತ್ಯಾಸ ನೆನಪಿಡಿ. ಇಲ್ಲಿ ಮಳೆಗಾಲ ಅಕ್ಟೋಬರಿನಿಂದ ಏಪ್ರಿಲ್-ಮೇ ತನಕ. ಜುಲೈ, ಆಗಸ್ಟ್ ಒಣ ತಿಂಗಳು. ಇನ್ನೊಂದು, ಈ ಮಳೆ ತಣ್ಣಗಿನದು. ಊರಿನಲ್ಲಿ ನೆನೆದು ಬಂದರೆ ತಲೆ ಒರೆಸಿಕೊಂಡು ಕಾಫಿ ಕುಡಿದರೆ ಆಯಿತು. ಇಲ್ಲಿ ನೆನೆದ ಹತ್ತಿ ಬಟ್ಟೆಯಲ್ಲೇ ರಾತ್ರಿ ಕಳೆದರೆ ಮೈ ಕಾವು ಇಳಿದು ಪ್ರಾಣಕ್ಕೇ ತೊಂದರೆಯಾಗಬಹುದು. ಬೇಸಿಗೆಯಲ್ಲೂ ರಾತ್ರಿ 10 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಇಳಿಯುತ್ತದೆ. ಒಂದು ಸಮಾಧಾನ: ಉಂಬಳದ ಕಾಟ ಇಲ್ಲ. ಅದರ ಬದಲು ಬಾಳೆಹಣ್ಣಿನಷ್ಟು ಉದ್ದ ಬೆಳೆಯುವ ಹಳದಿ ಬಣ್ಣದ ಸ್ಲಗ್‌ಗಳು (ಚಿಪ್ಪಿಲ್ಲದ ಬಸವನಹುಳುಗಳು) ದಾರಿಯಲ್ಲಿ ಹರಿಯುತ್ತಿರುತ್ತವೆ. ಅವು ಯಾರಿಗೂ ಏನೂ ಮಾಡುವುದಿಲ್ಲ, ತುಳಿಯದೆ ಹೋದರೆ ಸಾಕು.

ಏನೇನು ನೋಡಿ ಆರಿಸಬೇಕು

ಮೊದಲು ರಸ್ತೆ. ಈ ಕಣಿವೆಗಳ ಹೊಳೆಗಳು ಪಾತ್ರ ಬದಲಿಸುತ್ತಲೇ ಇರುತ್ತವೆ, ಬದಲಿಸುವಾಗ ರಸ್ತೆಯನ್ನೂ ತಿನ್ನುತ್ತವೆ. 2024ರ ಡಿಸೆಂಬರಿನಲ್ಲಿ ಹೋ ಕಣಿವೆಯ ರಸ್ತೆಯೇ ಕೊಚ್ಚಿಹೋಗಿ 2025ರ ಮೇ ತಿಂಗಳ ತನಕ ಮುಚ್ಚಿತ್ತು. ಅದು ಟಾರು ರಸ್ತೆ. ಮಣ್ಣು-ಜಲ್ಲಿ ರಸ್ತೆಗಳ ಪಾಡು ಕೇಳಬೇಡಿ.

ಎರಡನೆಯದು ಕುಡಿಯುವ ನೀರು. ಮಳೆಕಾಡಿನಲ್ಲಿ ನೀರಿಗೇನು ಬರ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಅರ್ಧಕ್ಕರ್ಧ ಕ್ಯಾಂಪುಗಳಲ್ಲಿ ನಲ್ಲಿ ಇಲ್ಲ. ಹೊಳೆ ನೀರನ್ನು ಕುದಿಸಬೇಕು ಇಲ್ಲವೇ ಫಿಲ್ಟರ್ ಮಾಡಬೇಕು.

ಮೂರನೆಯದು ಶೌಚಾಲಯ. ಈ ವಿಷಯ ಕೇಳಲು ನಮ್ಮವರು ನಾಚುತ್ತಾರೆ, ಆಮೇಲೆ ಒದ್ದಾಡುತ್ತಾರೆ. ಕೆಲವು ಕಡೆ ಫ್ಲಶ್ ಇದೆ. ಉಳಿದ ಕಡೆ ಗುಂಡಿ ಶೌಚಾಲಯ: ಮೇಲೆ ಕೂರುವ ಆಸನ, ಕೆಳಗೆ ಆಳವಾದ ಗುಂಡಿ, ನೀರಿನ ಸಂಪರ್ಕ ಇಲ್ಲ. ಒಂದು ಬಾಟಲಿ ನೀರು, ಮಗ್ಗು, ಟಾರ್ಚು ನೀವೇ ಒಯ್ಯಬೇಕು. ಮಂಡಿನೋವಿನ ಅಮ್ಮನನ್ನು ರಾತ್ರಿ ಎರಡು ಗಂಟೆಗೆ ಅಷ್ಟು ದೂರ ನಡೆಸುವುದು ಆಗುತ್ತದೆಯೇ ಅಂತ ಮನೆಯಲ್ಲೇ ಮಾತಾಡಿಕೊಳ್ಳಿ.

ಆಮೇಲೆ ಹೊಳೆಯ ಸ್ವಭಾವ, ಜನಸಂದಣಿ, ಖರ್ಚು. ಖರ್ಚನ್ನು ಕೊನೆಗೆ ಹಾಕಿದ್ದೇನೆ, ಏಕೆಂದರೆ ಇಲ್ಲಿ ಅದು ದೊಡ್ಡ ವ್ಯತ್ಯಾಸ ಮಾಡುವುದಿಲ್ಲ. ಪಾರ್ಕಿಗೆ ಒಂದು ಕಾರಿಗೆ 30 ಡಾಲರ್, ಏಳು ದಿನಕ್ಕೆ ನಡೆಯುತ್ತದೆ. ಅದರ ಮೇಲೆ ಕ್ಯಾಂಪಿನ ದರ ಒಂದು ರಾತ್ರಿಗೆ 15ರಿಂದ 24 ಡಾಲರ್ ಆಸುಪಾಸು. ಹೋಗುವ ಮುನ್ನ ಈಗಿನ ದರ ನೋಡಿಕೊಳ್ಳಿ. ಪೆಟ್ರೋಲು ಮತ್ತು ಟೆಂಟ್ ಸಾಮಾನಿಗೇ ಇದಕ್ಕಿಂತ ಜಾಸ್ತಿ ಹೋಗುತ್ತದೆ.

ಹೋ: ಮೊದಲ ಸಲದವರಿಗೆ

ಹೋ ಕ್ಯಾಂಪಿನಲ್ಲಿ ನಲ್ಲಿ ನೀರು ಇದೆ, ಫ್ಲಶ್ ಇದೆ, ಬಾಗಿಲ ತನಕ ಟಾರು ರಸ್ತೆ ಇದೆ. ಎಪ್ಪತ್ತಕ್ಕೂ ಹೆಚ್ಚು ಜಾಗಗಳಿವೆ, ಕೆಲವು ನೇರವಾಗಿ ಹೊಳೆದಂಡೆಗೇ ಇವೆ. ಶವರ್ ಇಲ್ಲ, ಕರೆಂಟ್ ಇಲ್ಲ, ಫೋನ್ ಸಿಗ್ನಲ್ ಇಲ್ಲ. ಅಷ್ಟಿದ್ದರೂ ಟೆಂಟಿನಲ್ಲಿ ಮಲಗಿ ಅಭ್ಯಾಸ ಇಲ್ಲದವರಿಗೆ ಇದೇ ಒಳ್ಳೆಯ ಶುರು.

ಕಷ್ಟ ಎಂದರೆ ಜನ. ಬೇಸಿಗೆಯ ಹಗಲಿನಲ್ಲಿ ಗೇಟಿನ ಮುಂದೆ ಕಾರುಗಳ ಸಾಲು ಗಂಟೆಗಟ್ಟಲೆ ನಿಲ್ಲುತ್ತದೆ. ಬೇಸಿಗೆಯ ಜಾಗಗಳನ್ನು ಆನ್‌ಲೈನಿನಲ್ಲಿ ಆರು ತಿಂಗಳು ಮೊದಲೇ ಕಾದಿರಿಸಬಹುದು, ವಾರಾಂತ್ಯದವು ಬೇಗ ಮುಗಿಯುತ್ತವೆ. ಜುಲೈಗೆ ಹೋಗುವವರು ಸಂಕ್ರಾಂತಿ ಹೊತ್ತಿಗೆ ಬುಕ್ ಮಾಡಬೇಕು ಅಂದುಕೊಳ್ಳಿ.

ಆದರೆ ಅಲ್ಲೇ ರಾತ್ರಿ ಉಳಿಯುವವರಿಗೆ ಒಂದು ದೊಡ್ಡ ಲಾಭ ಇದೆ, ಅದನ್ನು ಬಿಡಬೇಡಿ. ಹಾಲ್ ಆಫ್ ಮಾಸಸ್ ಎನ್ನುವ ಸುಮಾರು ಒಂದು ಮೈಲಿಯ ಸುತ್ತುದಾರಿ ಹಗಲಲ್ಲಿ ಜಾತ್ರೆ. ಬೆಳಗ್ಗೆ ಆರೂವರೆಗೆ ಎದ್ದು ಹೋದರೆ ಅದು ನಿಮ್ಮದೇ. ಮೇಪಲ್ ಕೊಂಬೆಗಳಿಂದ ಇಳಿಬಿದ್ದ ಪಾಚಿಯ ತುದಿಯಲ್ಲಿ ನೀರಿನ ಹನಿ ನಿಂತಿರುತ್ತದೆ, ಬೆಳಕು ಹಸಿರಾಗಿ ಇಳಿಯುತ್ತಿರುತ್ತದೆ. ಹೊಳೆಯ ಜಲ್ಲಿಯ ಮೇಲೆ ಎಲ್ಕ್ ಹಿಂಡು ಮೇಯುವುದೂ ಆ ಹೊತ್ತಿಗೇ. ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ, ಕನಿಷ್ಠ 50 ಗಜ ದೂರ ಇರಿ. ಮೇ-ಜೂನಿನಲ್ಲಿ ಮರಿ ಇರುತ್ತವೆ, ಸೆಪ್ಟೆಂಬರಿನಲ್ಲಿ ಗಂಡುಗಳಿಗೆ ಮದ ಬಂದಿರುತ್ತದೆ. ಆಗ ಇನ್ನೂ ದೂರ ಇರಿ. 1938ರಲ್ಲಿ ಈ ಪಾರ್ಕ್ ಆಗಲು ಈ ಎಲ್ಕ್‌ಗಳನ್ನು ಉಳಿಸಬೇಕು ಎಂಬ ಕಾಳಜಿಯೂ ಒಂದು ಕಾರಣ.

ಇಲ್ಲಿಯ ಹೊಳೆ ಮೌಂಟ್ ಒಲಿಂಪಸ್‌ನ ಹಿಮನದಿಗಳಿಂದ ಬರುತ್ತದೆ. ಹಿಮ ಬಂಡೆಯನ್ನು ಅರೆದು ಮಾಡಿದ ಪುಡಿ ಸೇರಿ ನೀರು ನೀರುಮಜ್ಜಿಗೆಯ ಬಣ್ಣಕ್ಕಿರುತ್ತದೆ. ನೋಡಲು ಚೆಂದ, ಫಿಲ್ಟರಿಗೆ ಶತ್ರು. ನಲ್ಲಿ ಇಲ್ಲದ ಕಡೆ ಹೋ ನೀರು ಬಳಸುವುದಾದರೆ ಒಂದು ಬಕೆಟಿನಲ್ಲಿ ತುಂಬಿ ರಾತ್ರಿ ಇಡಿ. ಬೆಳಗ್ಗೆ ತಳದಲ್ಲಿ ನುಣುಪಾದ ಬೂದು ಗಸಿ ಕೂತಿರುತ್ತದೆ. ಅಲ್ಲಾಡಿಸದೆ ಮೇಲಿನ ತಿಳಿ ಬಗ್ಗಿಸಿಕೊಂಡು ಆಮೇಲೆ ಫಿಲ್ಟರ್ ಮಾಡಿ. ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಇನ್ನೊಂದು ಎಚ್ಚರ. ಬಿಸಿಲಿನ ದಿನ ಮಧ್ಯಾಹ್ನದ ಮೇಲೆ ಹಿಮ ಕರಗಿ ಹೊಳೆ ಏರುತ್ತದೆ. ಬೆಳಗ್ಗೆ ಮಕ್ಕಳು ಆಡಿದ ಜಲ್ಲಿದಿಬ್ಬ ಸಂಜೆಗೆ ನೀರಿನೊಳಗೆ ಇರಬಹುದು. ಈಜುವ ಯೋಚನೆ ಬೇಡ. ನೀರು ಕೊರೆಯುತ್ತದೆ, ಸೆಳೆತ ಜಾಸ್ತಿ, ಬೂದು ಬಣ್ಣದಿಂದ ಆಳವೂ ತಿಳಿಯುವುದಿಲ್ಲ.

ಕ್ವಿನಾಲ್ಟ್: ನನ್ನ ಆಯ್ಕೆ

ಹೆಚ್ಚಿನ ಕುಟುಂಬಗಳಿಗೆ ನಾನು ಹೇಳುವುದು ಕ್ವಿನಾಲ್ಟ್. ಒಂದೇ ಕಣಿವೆಯಲ್ಲಿ ಸುಖವೂ ಇದೆ, ಕಾಡುತನವೂ ಇದೆ, ಎರಡನ್ನೂ ಬೆರೆಸಿಕೊಳ್ಳಬಹುದು. ಸಿಯಾಟಲ್‌ನಿಂದ ಟಕೋಮಾ, ಒಲಿಂಪಿಯಾ, ಅಬರ್‌ಡೀನ್ ದಾರಿಯಲ್ಲಿ ಮೂರು ಗಂಟೆ ಚಿಲ್ಲರೆ. ಫೆರಿಗಾಗಿ ಕಾಯಬೇಕಿಲ್ಲ. ಹೋ ತಲುಪಲು ನಾಲ್ಕು ಗಂಟೆ ಇಟ್ಟುಕೊಳ್ಳಬೇಕು.

ಕೆಳಗೆ ಕ್ವಿನಾಲ್ಟ್ ಸರೋವರ, ಅದು ಕ್ವಿನಾಲ್ಟ್ ಮೂಲನಿವಾಸಿಗಳ ಆಸ್ತಿ. ತೆಂಕಣ ದಡದಲ್ಲಿ ಫಾರೆಸ್ಟ್ ಸರ್ವಿಸ್ ನಡೆಸುವ ವಿಲಬಿ ಕ್ಯಾಂಪು. ಹತ್ತಿರದಲ್ಲೇ 1926ರಲ್ಲಿ ಕಟ್ಟಿದ ಲೇಕ್ ಕ್ವಿನಾಲ್ಟ್ ಲಾಡ್ಜ್. ಅಧ್ಯಕ್ಷ ರೂಸ್‌ವೆಲ್ಟ್ 1937ರಲ್ಲಿ ಇಲ್ಲಿಗೆ ಬಂದು ಹೋದರು, ಮರುವರ್ಷ ಪಾರ್ಕ್ ಆಯಿತು. ಇಲ್ಲಿಯ ಅನುಕೂಲ ನೋಡಿ: ಅಪ್ಪ ಅಮ್ಮನಿಗೆ ಲಾಡ್ಜಿನಲ್ಲಿ ಹಾಸಿಗೆ, ಬಿಸಿನೀರು. ನೀವು ಮಕ್ಕಳ ಜೊತೆ ವಿಲಬಿಯಲ್ಲಿ ಟೆಂಟ್. ಸಂಜೆ ಎಲ್ಲರೂ ಒಟ್ಟಿಗೆ ಊಟ. ಬೆಳಗ್ಗೆ ಅರ್ಧ ಮೈಲಿಯ ರೈನ್ ಫಾರೆಸ್ಟ್ ನೇಚರ್ ಟ್ರೇಲ್, ವಯಸ್ಸಾದವರೂ ನಿಧಾನಕ್ಕೆ ನಡೆಯಬಹುದು. ಖರ್ಚು ಮಾತ್ರ ಏರುತ್ತದೆ, ಬೇಸಿಗೆಯಲ್ಲಿ ಲಾಡ್ಜ್ ಅಗ್ಗವಲ್ಲ. ಜೊತೆಗೆ ವಿಲಬಿ ಇರುವುದು ಸರೋವರದ ದಡದಲ್ಲಿ. ರಾತ್ರಿಯೆಲ್ಲ ಹೊಳೆಯ ಮೊರೆತ ಕೇಳಬೇಕು ಅನ್ನುವವರಿಗೆ ಅದು ಸಾಲದು.

ಅಂಥವರು ಕಣಿವೆಯ ಮೇಲಕ್ಕೆ, ಗ್ರೇವ್ಸ್ ಕ್ರೀಕ್ ತನಕ ಹೋಗಬೇಕು. ಟಾರು ಮುಗಿದು ಜಲ್ಲಿ ರಸ್ತೆ ಬರುತ್ತದೆ, ಎರಡೂ ಕಡೆಯ ಗಿಡ ಕಾರಿನ ಕನ್ನಡಿ ಸವರುತ್ತವೆ. ಮಾಮೂಲಿ ಕಾರು ನಿಧಾನಕ್ಕೆ ಹೋದರೆ ಸಾಕು, ಉದ್ದದ ಟ್ರೇಲರ್ ಬೇಡ. ಮೂವತ್ತರಷ್ಟು ಜಾಗಗಳು, ಕುಡಿಯುವ ನೀರು ಇಲ್ಲ, ಗುಂಡಿ ಶೌಚಾಲಯ. ನಾಲ್ಕು ಜನಕ್ಕೆ ಎರಡು ದಿನಕ್ಕೆ ಕುಡಿಯಲು, ಅಡುಗೆಗೆ ಸೇರಿ ಹತ್ತು ಗ್ಯಾಲನ್ ತಂದರೆ ನೆಮ್ಮದಿ. ಪಾತ್ರೆ ತೊಳೆಯಲು ಹೊಳೆಯಿಂದ ನೀರು ಎತ್ತಿ ತನ್ನಿ, ಸೋಪನ್ನು ಹೊಳೆಗೆ ಬಿಡಬೇಡಿ.

ಇಲ್ಲಿಂದ ಈಸ್ಟ್ ಫೋರ್ಕ್ ಕ್ವಿನಾಲ್ಟ್ ಹೊಳೆಯ ಜೊತೆಗೇ ಒಂದು ಕಾಲುದಾರಿ ಇದೆ. ಎರಡೂವರೆ ಮೈಲಿ ನಡೆದರೆ ಪೋನಿ ಬ್ರಿಡ್ಜ್. ಕೆಳಗೆ ಕಿರಿದಾದ ಕಂದರ, ಗೋಡೆಯ ತುಂಬ ಜರಿಗಿಡ, ತಳದಲ್ಲಿ ತಿಳಿನೀರು. ಅದೇ ದಾರಿಯಲ್ಲಿ ಒಟ್ಟು 13 ಮೈಲಿ ಹೋದರೆ ಎನ್‌ಚಾಂಟೆಡ್ ವ್ಯಾಲಿ. ಅದು ಬೆನ್ನಿಗೆ ಚೀಲ ಹೊತ್ತು ಎರಡು-ಮೂರು ದಿನಕ್ಕೆ ಹೋಗುವವರಿಗೆ. ಅಲ್ಲಿಯ ಹಳೆಯ ಮರದ ಮನೆಯ ಬುಡವನ್ನು ಹೊಳೆ ಕೊರೆಯುತ್ತಾ ಬಂದದ್ದರಿಂದ 2014ರಲ್ಲಿ ಇಡೀ ಮನೆಯನ್ನೇ ಹಿಂದಕ್ಕೆ ಸರಿಸಬೇಕಾಯಿತು. ಈ ಹೊಳೆಗಳ ಶಕ್ತಿ ಎಂಥದ್ದು ಅಂತ ತಿಳಿಯಲು ಅದೊಂದೇ ಸಾಕು.

ಅದೇ ಕಣಿವೆಯ ಇನ್ನೊಂದು ಕವಲಲ್ಲಿ ನಾರ್ತ್ ಫೋರ್ಕ್ ಕ್ಯಾಂಪು ಇದೆ. ಒಂಬತ್ತೇ ಜಾಗ, ನೀರಿಲ್ಲ, ದರ ಕಡಿಮೆ. ಇಬ್ಬರೇ ಹೋಗುವುದಾದರೆ ಚೆನ್ನಾಗಿದೆ. ನಾಲ್ಕು ಕುಟುಂಬ ಸೇರಿ ಗದ್ದಲ ಮಾಡುವ ಜಾಗ ಅದಲ್ಲ.

ಕ್ವೀಟ್ಸ್: ಗೊತ್ತಿದ್ದವರಿಗೆ ಮಾತ್ರ

ಕ್ವೀಟ್ಸ್ ಕ್ಯಾಂಪು ಇಪ್ಪತ್ತು ಜಾಗದ ಪುಟ್ಟ ಕ್ಯಾಂಪು. ಉದ್ದಕ್ಕೂ ಜಲ್ಲಿ ರಸ್ತೆ, ನೀರಿಲ್ಲ, ಗುಂಡಿ ಶೌಚಾಲಯ, ವಾರದ ನಡುವೆ ಹೋದರೆ ಜನವೂ ಬಹಳ ಕಡಿಮೆ. ಹೊಳೆ ಇಲ್ಲೂ ಹಿಮನದಿಯದೇ. ಕ್ಯಾಂಪಿನ ಹತ್ತಿರ ಸುಮಾರು ಮೂರು ಮೈಲಿಯ ಸ್ಯಾಮ್ಸ್ ರಿವರ್ ಸುತ್ತುದಾರಿ ಇದೆ, ಅಷ್ಟು ಯಾರು ಬೇಕಾದರೂ ನಡೆಯಬಹುದು. ಅದರಾಚೆಯ ಮುಖ್ಯ ಕಾಲುದಾರಿ ಹಿಡಿಯಲು ಮೊದಲೇ ಹೊಳೆಯನ್ನೇ ನಡೆದು ದಾಟಬೇಕು, ಸೇತುವೆ ಇಲ್ಲ. ಬೇಸಿಗೆಯ ಕೊನೆಯಲ್ಲಿ ನೀರು ಇಳಿದಾಗ, ಹೊಳೆ ದಾಟಿ ಅನುಭವ ಇರುವವರು ಮಾತ್ರ ಆ ಸಾಹಸಕ್ಕೆ ಹೋಗಬೇಕು. ಮಕ್ಕಳ ಜೊತೆ ಖಂಡಿತ ಬೇಡ.

ಸುಮ್ನೆ ಕೂತು ಹೊಳೆ ನೋಡುತ್ತಾ ಪುಸ್ತಕ ಓದುವವರಿಗೆ, ಹಿಂದೆ ಕ್ಯಾಂಪ್ ಮಾಡಿ ಪಳಗಿದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿ ಇಲ್ಲ. ಆದರೆ ಕಾರು ಕೆಟ್ಟರೆ, ಕಾಲು ಉಳುಕಿದರೆ ಸಹಾಯ ದೂರ. ಊರಿಂದ ಬಂದ ಹಿರಿಯರನ್ನು ಇಲ್ಲಿಗೆ ಕರೆದುಕೊಂಡು ಹೋಗಬೇಡಿ ಅಂತಲೇ ನನ್ನ ಸಲಹೆ.

ಬೋಗಶೀಲ್ ಮತ್ತು ಕಡಿಮೆ ಖರ್ಚಿನ ಜಾಗಗಳು

ಬೋಗಶೀಲ್ ಸ್ಟೇಟ್ ಪಾರ್ಕ್ ಫೋರ್ಕ್ಸ್ ಊರಿನಿಂದ ಆರು ಮೈಲಿ ತೆಂಕಣಕ್ಕೆ, 101ನೇ ಹೆದ್ದಾರಿಯ ಪಕ್ಕದಲ್ಲೇ ಇದೆ. ಪಕ್ಕದಲ್ಲೇ ಅನ್ನುವುದು ಇದರ ಗುಣವೂ ಹೌದು, ದೋಷವೂ ಹೌದು. ಶವರ್ ಇದೆ, ನೀರಿದೆ, ಅಂಗಡಿ ಹತ್ತಿರ. ಹೊಳೆ ಹಿಮನದಿಯದ್ದಲ್ಲ, ಹಾಗಾಗಿ ಬೇಸಿಗೆಯಲ್ಲಿ ನೀರು ತಿಳಿ. ಆದರೆ ಮರದ ಲಾರಿಗಳ ಸದ್ದು ಟೆಂಟಿನ ತನಕ ಬರುತ್ತದೆ. ಚಿಕ್ಕ ಮಗು ಇರುವವರು ಇಲ್ಲಿ ಉಳಿದು ಹಗಲಲ್ಲಿ ಹೋ ನೋಡಿ ಬರಬಹುದು. ಹೋ ಕ್ಯಾಂಪಿನಲ್ಲಿ ಜಾಗ ಸಿಗದಿದ್ದರೆ ನಾನು ಮೊದಲು ನೋಡುವುದು ಇದನ್ನೇ.

ಇನ್ನು ಹಣ ಉಳಿಸಬೇಕು ಅನ್ನುವವರಿಗೆ ರಾಜ್ಯದ ನ್ಯಾಚುರಲ್ ರಿಸೋರ್ಸಸ್ ಇಲಾಖೆಯ ಪುಟ್ಟ ಕ್ಯಾಂಪುಗಳಿವೆ: ಹೋ ಆಕ್ಸ್‌ಬೋ, ಕಾಟನ್‌ವುಡ್, ಮಿನಿ ಪೀಟರ್‌ಸನ್, ಸೌತ್ ಫೋರ್ಕ್ ಹೋ. ರಾತ್ರಿಯ ಬಾಡಿಗೆ ಇಲ್ಲ, ಕಾರಿಗೆ ಡಿಸ್ಕವರ್ ಪಾಸ್ (ರಾಜ್ಯದ ಇಂಥ ಜಾಗಗಳಿಗೆ ಕಾರು ಒಯ್ಯಲು ಬೇಕಾದ ಪಾಸು) ಇರಬೇಕು. ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಜಾಗ. ಕುಡಿಯುವ ನೀರು ಇಲ್ಲ. ಸೌತ್ ಫೋರ್ಕ್‌ನಲ್ಲಿ ಇರುವುದೇ ಮೂರು ಜಾಗ. ಶುಕ್ರವಾರ ಸಂಜೆ ಆಫೀಸು ಮುಗಿಸಿ ಹೊರಟು ರಾತ್ರಿ ಹತ್ತಕ್ಕೆ ಇಲ್ಲಿಗೆ ಬಂದರೆ ಜಾಗ ಸಿಗುವುದನ್ನು ನಂಬಬೇಡಿ. ಗುರುವಾರ ಮಧ್ಯಾಹ್ನ ಬರಬಲ್ಲ ವಿದ್ಯಾರ್ಥಿಗಳಿಗೆ, ಇಬ್ಬರು ಗೆಳೆಯರಿಗೆ ಸರಿ.

ಕಾರಿನಿಂದ ದೂರ ಹೋಗಿ ಮಲಗಬೇಕು ಅನ್ನುವವರಿಗೆ ಹೋ ರಿವರ್ ಟ್ರೇಲ್ ಇದೆ. ಮೊದಲ ಒಂಬತ್ತು ಮೈಲಿ ಹೆಚ್ಚುಕಡಿಮೆ ಸಮತಟ್ಟು. ಐದು ಮೈಲಿಗೆ ಫೈವ್ ಮೈಲ್ ಐಲ್ಯಾಂಡ್, ಹೊಳೆ ಪಕ್ಕವೇ ಟೆಂಟ್ ಜಾಗ. ಪರ್ಮಿಟ್ ಬೇಕು, ತಲೆಗೆ ರಾತ್ರಿಗೆ 8 ಡಾಲರ್ ಮತ್ತು ಬುಕಿಂಗ್ ಶುಲ್ಕ. ಊಟದ ಸಾಮಾನಿಗೆ ಕರಡಿ ತೆರೆಯಲಾಗದ ಡಬ್ಬಿ ಒಯ್ಯಿರಿ. ಇಲ್ಲಿರುವುದು ಕಪ್ಪು ಕರಡಿ, ಗ್ರಿಜ್ಲಿ ಇಲ್ಲ.

ಎಲ್ಲಿಗೆ ಹೋದರೂ ಬೇಕಾದದ್ದು

ದೊಡ್ಡ ಟಾರ್ಪಾಲು ಮತ್ತು ಹಗ್ಗ. ಟೆಂಟಿಗಿಂತ ಇದೇ ಮುಖ್ಯ ಅಂತ ನಾನು ಹೇಳುತ್ತೇನೆ. ತಲುಪಿದ ಕೂಡಲೇ ಮೊದಲು ಟಾರ್ಪಾಲು ಕಟ್ಟಿ, ಒಂದು ಅಂಚನ್ನು ತಗ್ಗಿಸಿ, ನೀರು ಒಂದೇ ಕಡೆ ಇಳಿಯಲಿ. ಆಮೇಲೆ ಅದರ ಕೆಳಗೆ ನಿಂತು ಟೆಂಟ್ ಬಿಚ್ಚಿ. ಟೆಂಟಿನ ಕೆಳಗೆ ಹಾಸುವ ಹಾಳೆ ಟೆಂಟಿನ ಅಂಚಿನಿಂದ ಹೊರಗೆ ಇಣುಕಬಾರದು. ಇಣುಕಿದರೆ ಮೇಲಿಂದ ಬಿದ್ದ ನೀರನ್ನೆಲ್ಲ ಹಿಡಿದು ನಿಮ್ಮ ಬೆನ್ನಿನ ಕೆಳಗೇ ತಂದು ನಿಲ್ಲಿಸುತ್ತದೆ. ಟೆಂಟ್ ಹಾಕುವ ಮುನ್ನ ತಲೆ ಎತ್ತಿ ನೋಡಿ. ನೀರು ಕುಡಿದು ಭಾರವಾದ ಪಾಚಿ ಹೊತ್ತ ಒಣಕೊಂಬೆ ನೇರ ಮೇಲಿದ್ದರೆ ಜಾಗ ಬದಲಿಸಿ.

ಜೀನ್ಸ್ ಬೇಡ, ಹತ್ತಿ ಬೇಡ. ಉಣ್ಣೆ ಇಲ್ಲವೇ ಪಾಲಿಯೆಸ್ಟರ್ ಇರಲಿ. ಮಲಗುವ ಚೀಲ ಪುಕ್ಕದ್ದಕ್ಕಿಂತ ಸಿಂಥೆಟಿಕ್ ಒಳ್ಳೆಯದು, ಸ್ವಲ್ಪ ತೇವವಾದರೂ ಬೆಚ್ಚಗಿರುತ್ತದೆ. ಮೊದಲ ಸಲಕ್ಕೆ ಎಲ್ಲ ಕೊಳ್ಳಬೇಕಿಲ್ಲ, ಸಿಯಾಟಲ್‌ನಲ್ಲಿ ಕ್ಯಾಂಪಿಂಗ್ ಸಾಮಾನಿನ ಅಂಗಡಿ ಆರ್‌ಇಐಯಲ್ಲಿ (REI) ಬಾಡಿಗೆಗೆ ಸಿಗುತ್ತದೆ.

ಸೌದೆ ವಿಷಯ. ಇಲ್ಲಿ ನೆಲದ ಮೇಲೆ ಬಿದ್ದದ್ದು ಯಾವುದೂ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಫೋರ್ಕ್ಸ್ ಅಥವಾ ಕ್ವಿನಾಲ್ಟ್ ಹತ್ತಿರದ ಅಂಗಡಿಯಲ್ಲಿ ಒಣ ಸೌದೆ ಕೊಳ್ಳಿ. ಮನೆಯಿಂದ ತರಬೇಡಿ, ಅದರಲ್ಲಿರುವ ಹುಳು ಈ ಕಾಡಿಗೆ ಹೊಸದಾಗಿರಬಹುದು. ಒಣ ಬೇಸಿಗೆಯಲ್ಲಿ ಬೆಂಕಿಗೆ ನಿಷೇಧವೂ ಇರುತ್ತದೆ, ಹಾಗಾಗಿ ಅಡುಗೆಗೆ ಗ್ಯಾಸ್ ಒಲೆಯನ್ನೇ ನಂಬಿ. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಬಿಸಿಬೇಳೆಬಾತ್ ಪುಡಿ ಇದ್ದರೆ ಮಳೆಯಲ್ಲೂ ಅರ್ಧ ಗಂಟೆಯಲ್ಲಿ ಊಟ ಸಿದ್ಧ. ಉಂಡ ಮೇಲೆ ಒಗ್ಗರಣೆ ಸೌಟಿನಿಂದ ಹಿಡಿದು ಟೂತ್‌ಪೇಸ್ಟ್ ತನಕ ವಾಸನೆ ಇರುವುದೆಲ್ಲ ಕಾರಿನೊಳಗೆ ಹೋಗಬೇಕು. ಟೆಂಟಿನಲ್ಲಿ ಒಂದು ಚಕ್ಕುಲಿಯೂ ಬೇಡ.

ಹೊರಡುವ ಹಿಂದಿನ ದಿನ ಪಾರ್ಕಿನ ವೆಬ್‌ಸೈಟಿನಲ್ಲಿ ರಸ್ತೆಗಳ ಪುಟ ನೋಡಿ. ಗ್ರೇವ್ಸ್ ಕ್ರೀಕ್ ಮತ್ತು ಕ್ವೀಟ್ಸ್ ರಸ್ತೆಗಳು ಮುಚ್ಚುವುದು ಹೊಸದೇನಲ್ಲ. ಗ್ರೇವ್ಸ್ ಕ್ರೀಕ್ ಮುಚ್ಚಿದ್ದರೆ ವಿಲಬಿ, ಹೋ ಮುಚ್ಚಿದ್ದರೆ ಬೋಗಶೀಲ್, ಹೀಗೆ ಎರಡನೇ ಜಾಗವನ್ನು ಮನೆಯಲ್ಲೇ ಗೊತ್ತು ಮಾಡಿಕೊಂಡು ಅದರ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ. ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ ಹುಡುಕಲು ಸಿಗ್ನಲ್ ಇರುವುದಿಲ್ಲ.